ಮುಗಿಲು ಮುಟ್ಟಿದ ಆಕ್ರಂದನ ಕಟಕಟೆಯನ್ನು ಮುಟ್ಟುವುದಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಕೊಲೆಯ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ, ತಮ್ಮದೂ ಸೇರಿದಂತೆ, ಕೊನೆಯಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: ‘ಕುಟುಂಬದವರ ಆಕ್ರಂದನ ಮುಗಿಲು ಮುಟ್ಟಿತ್ತು.’ ಶವಾಗಾರದ ಮುಂದೆ ನಿಂತು ಸುದ್ದಿ ಬರೆಯುವವರಿಗೆ ಅದಕ್ಕಿಂತ ಹೆಚ್ಚು ಬರೆಯಲು ಜಾಗವೂ ಇರುವುದಿಲ್ಲ, ಹೊತ್ತೂ ಇರುವುದಿಲ್ಲ ಎಂಬುದನ್ನು ನಾನು ಬಲ್ಲೆ. ಆದರೆ ಆ ಆಕ್ರಂದನ ಮುಂದೆ ಏನಾಗುತ್ತದೆ, ಎರಡು ಮೂರು ವರ್ಷದ ಮೇಲೆ ಅದೇ ತಂದೆ ತಾಯಿ ನ್ಯಾಯಾಲಯಕ್ಕೆ ಬಂದು ಕಟಕಟೆ ಹತ್ತಿದಾಗ ಅವರ ಬಾಯಿಂದ ಏನು ಹೊರಡುತ್ತದೆ ಮತ್ತು ಅದರಲ್ಲಿ ಎಷ್ಟು ಕಾಗದಕ್ಕೆ ಇಳಿಯುತ್ತದೆ ಎಂಬುದನ್ನು ಯಾರೂ ಬರೆಯುವುದಿಲ್ಲ. ಅದನ್ನು ಹತ್ತಿರದಿಂದ ಕಂಡವಳಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ತುಸು ದೀರ್ಘವಾಗಿದ್ದರೆ ಕ್ಷಮಿಸಬೇಕು.

ಧಾರವಾಡ, ಗದಗ, ಹಾವೇರಿಗಳ ನ್ಯಾಯಾಲಯಗಳಲ್ಲಿ 31 ವರ್ಷ ನಾನು ಶೀಘ್ರಲಿಪಿಗಾರ್ತಿಯಾಗಿದ್ದೆ. ಕೆಲಸಕ್ಕೆ ಸೇರಿದಾಗ ಇವೆಲ್ಲ ಒಂದೇ ಧಾರವಾಡ ಜಿಲ್ಲೆ. 1997ರಲ್ಲಿ ಮೂರು ಜಿಲ್ಲೆಗಳಾದ ಮೇಲೆ ವರ್ಗಾವಣೆಯ ಲೆಕ್ಕದಲ್ಲಿ ಮೂರೂ ಕಡೆ ತಿರುಗಿದೆ. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ವಾಕ್ಯ ಮಾಡಿ ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಹೀಗೆ ಒಬ್ಬರ ದುಃಖ ಇನ್ನೊಬ್ಬರ ಬಾಯಲ್ಲಿ ವಾಕ್ಯವಾಗಿ ಮೂರನೆಯವರ ಕೈಯಲ್ಲಿ ಅಕ್ಷರವಾಗುವ ಕೆಲಸವನ್ನು ಅಷ್ಟು ವರ್ಷ ಮಾಡಿದವಳು ನಾನು. ಕತ್ತಿ, ಕೊಡಲಿಯ ಪ್ರಕರಣಗಳೇ ಹೆಚ್ಚು ಬರುತ್ತಿದ್ದವು. ವಿಷ ಹಾಕಿ ಕೊಂದ ಪ್ರಕರಣಗಳು ಬೆರಳೆಣಿಕೆಯಷ್ಟು. ಆದರೂ ನಿವೃತ್ತಿಯ ನಂತರ ನಿದ್ದೆಗೆಡಿಸುವವು ಅವೇ. ಹೆಸರು, ಊರು, ವರ್ಷಗಳನ್ನು ಬಿಟ್ಟು, ಎರಡು ಮೂರು ಸಂಗತಿಗಳನ್ನಷ್ಟೇ ಹೇಳುತ್ತೇನೆ.

ನಮ್ಮ ಭಾಗದಲ್ಲಿ ಕ್ರಿಮಿನಾಶಕಕ್ಕೆ ‘ಎಣ್ಣಿ’ ಎನ್ನುತ್ತಾರೆ. ಹತ್ತಿಗೆ ಎಣ್ಣಿ ಹೊಡೆಯುತ್ತಾರೆ, ಬದುಕು ಬೇಸರವಾದವನು ಎಣ್ಣಿ ಕುಡಿಯುತ್ತಾನೆ. ಮೈಸೂರು ಕಡೆ ಆ ಮಾತಿಗೆ ಬೇರೆಯೇ ಅರ್ಥ. ಆ ಕಡೆಯಿಂದ ಹೊಸದಾಗಿ ಬಂದಿದ್ದ ಬೆರಳಚ್ಚುಗಾರರೊಬ್ಬರು, ‘ನನ್ನ ಮಗಳಿಗೆ ಎಣ್ಣಿ ಕುಡಿಸ್ಯಾರ’ ಎಂದು ಒಬ್ಬ ತಂದೆ ಹೇಳಿದ್ದನ್ನು ‘ಮೃತಳಿಗೆ ಮದ್ಯ ಕುಡಿಸಿದ್ದರು’ ಎಂದು ಬರೆದುಬಿಟ್ಟರು. ಸಾಕ್ಷ್ಯ ಮುಗಿದ ಮೇಲೆ ಅದನ್ನು ಸಾಕ್ಷಿಗೆ ಓದಿ ಹೇಳಬೇಕೆಂಬ ನಿಯಮವಿದೆ. ಓದಿದಾಗ ಆ ಹಿರಿಯರು ಕಟಕಟೆಯ ಕಂಬಿ ಹಿಡಿದುಕೊಂಡು, ‘ಸತ್ತಾಕಿ ಹೆಸರಿಗೆ ಇದನ್ನೂ ಹಚ್ಚಿದ್ರೇನ್ರಿ?’ ಎಂದರು. ತಪ್ಪನ್ನು ಆಗಲೇ ತಿದ್ದಲಾಯಿತು, ನ್ಯಾಯಾಧೀಶರು ಅವರಿಗೆ ಸಮಾಧಾನವನ್ನೂ ಹೇಳಿದರು. ಆದರೆ ಅಷ್ಟು ಹೊತ್ತು ಕೇಳಿದ ಪ್ರಶ್ನೆಗಳಿಗೆಲ್ಲ ಕಲ್ಲಿನಂತೆ ನಿಂತು ಉತ್ತರ ಕೊಟ್ಟಿದ್ದ ಮನುಷ್ಯ ಕುಸಿದದ್ದು ಆ ಒಂದು ಪದಕ್ಕೆ.

ವಿಷದ ಸಾವಿನಲ್ಲಿ ಮನೆಯವರ ಮೊದಲ ಸಂಕಟವೇ ಇದು: ಅದು ಕೊಲೆಯೆಂದು ಯಾರೂ ಮೊದಲ ದಿನ ಒಪ್ಪುವುದಿಲ್ಲ. ಕೊಡಲಿಯ ಏಟು ತನ್ನ ಕಥೆಯನ್ನು ತಾನೇ ಹೇಳುತ್ತದೆ, ವಿಷ ಹಾಗಲ್ಲ. ‘ಎಣ್ಣಿ ಕುಡದಾಳ’ ಎಂಬ ಮಾತು ಹೆಣಕ್ಕಿಂತ ಮೊದಲು ಊರು ತಲುಪಿರುತ್ತದೆ. ಆಸ್ಪತ್ರೆಯ ವರಾಂಡದಲ್ಲಿ ಪೊಲೀಸರು ಅಸಹಜ ಸಾವಿನ ವರದಿ, ಅಂದರೆ ಎಲ್ಲರ ಬಾಯಲ್ಲಿ ‘ಯುಡಿಆರ್’, ಬರೆದುಕೊಳ್ಳುತ್ತಾರೆ. ಮರಣೋತ್ತರ ಪರೀಕ್ಷೆ ಬೇಗ ಮುಗಿದು ಹೊತ್ತು ಮುಳುಗುವ ಮೊದಲು ಮಣ್ಣಾಗಬೇಕು ಎಂಬ ಅವಸರದಲ್ಲಿ ಕಾಗದದ ಕೊನೆಗೆ ಒಂದು ಸಾಲು ಸೇರುತ್ತದೆ: ‘ಸದರಿಯವರ ಸಾವಿನಲ್ಲಿ ನಮಗೆ ಯಾರ ಮೇಲೂ ಸಂಶಯ ಇರುವುದಿಲ್ಲ.’ ಕಣ್ಣು ಕಾಣದಷ್ಟು ಅತ್ತ ತಂದೆ ಅದರ ಕೆಳಗೆ ಹೆಬ್ಬೆಟ್ಟು ಒತ್ತುತ್ತಾನೆ. ಎರಡು ವರ್ಷದ ಮೇಲೆ ಪಾಟೀಸವಾಲಿನಲ್ಲಿ ಅದೇ ಹೆಬ್ಬೆಟ್ಟು ಅವನ ಮುಂದೆ ಬರುತ್ತದೆ. ಅಂದು ಯಾರ ಮೇಲೂ ಇಲ್ಲದ ಸಂಶಯ ಇಂದು ಎಲ್ಲಿಂದ ಬಂತು ಎಂದು ಪ್ರತಿವಾದಿ ವಕೀಲರು ಕೇಳುತ್ತಾರೆ. ಅವರು ಕೇಳುವುದು ತಪ್ಪಲ್ಲ, ಅದು ಅವರ ಕರ್ತವ್ಯ. ‘ಅವತ್ತ ನಾ ಹೆಣಾ ನೋಡಾಕತ್ತಿದ್ದೆ, ಕಾಗದ ನೋಡಲಿಲ್ಲ’ ಎಂದು ಒಬ್ಬರು ಹೇಳಿದ ಉತ್ತರ ಮಾತ್ರ ‘ಸಹಿಯನ್ನು ಓದದೆ ಮಾಡಿರುತ್ತೇನೆ’ ಎಂದು ದಾಖಲಾಯಿತು.

ಆಸ್ಪತ್ರೆಯ ಆ ಎರಡು ಮೂರು ದಿನಗಳೂ ಇತರ ಸಾವುಗಳ ಹಾಗಲ್ಲ. ಬೆಳೆಗೆ ಹೊಡೆಯುವ ಎಣ್ಣೆಗಳಲ್ಲಿ ಹಲವು ಸಾವಯವ ರಂಜಕದ ಜಾತಿಯವು. ಅವು ಹೊಟ್ಟೆ ಸೇರಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಬಾಯಲ್ಲಿ ನೊರೆ, ಮೈಯೆಲ್ಲ ಬೆವರು. ಅದಕ್ಕೆ ಅಟ್ರೋಪಿನ್ ಚುಚ್ಚುಮದ್ದನ್ನು ಕೊಡುತ್ತಾ ಹೋಗುತ್ತಾರೆ, ಆ ಔಷಧಿ ಹೆಚ್ಚಾದಾಗ ರೋಗಿಗೆ ಭ್ರಮೆ ಹಿಡಿಯುತ್ತದೆ. ಗಾಳಿಯಲ್ಲಿ ನೂಲು ಹಿಡಿಯುವವರಂತೆ ಬೆರಳಾಡಿಸುತ್ತಾ ಏನೇನೋ ತೊದಲುತ್ತಾರೆ. ಮನೆಯವರಿಗೆ ಆ ತೊದಲೇ ಕೊನೆಯ ಮಾತು. ಅದರಲ್ಲಿ ಒಂದು ಹೆಸರು ಇತ್ತೋ ಇಲ್ಲವೋ ಎಂದು ಜೀವಮಾನವಿಡೀ ನೆನೆಸುತ್ತಾರೆ. ಪ್ರಜ್ಞೆ ಸರಿಯಿತ್ತೇ ಎಂದು ನ್ಯಾಯಾಲಯ ಕೇಳುತ್ತದೆ, ಇರಲಿಲ್ಲ ಎಂದು ವೈದ್ಯರು ಹೇಳುತ್ತಾರೆ. ಅಲ್ಲಿಗೆ ಆ ಕೊನೆಯ ಮಾತು ದಾಖಲೆಯಿಂದ ಹೊರಗೆ ಬೀಳುತ್ತದೆ. ಪ್ರಜ್ಞೆ ಸರಿಯಿದ್ದಾಗ ಕೊಟ್ಟ ಹೇಳಿಕೆಯೂ ಮನೆಯವರನ್ನು ಕೈಬಿಡುವುದುಂಟು. ಕೇರಳದಲ್ಲಿ 2022ರ ಅಕ್ಟೋಬರಿನಲ್ಲಿ, ಪ್ರೀತಿಸಿದ ಹುಡುಗಿ ಕೊಟ್ಟ ಕಷಾಯ ಕುಡಿದ 23 ವರ್ಷದ ಯುವಕ ಪ್ಯಾರಾಕ್ವಾಟ್ ಕಳೆನಾಶಕದಿಂದ 11 ದಿನ ನರಳಿ ತೀರಿಕೊಂಡ. ಮ್ಯಾಜಿಸ್ಟ್ರೇಟರ ಮುಂದೆ ಅವನು ಅವಳ ಮೇಲೆ ಒಂದು ದೂರನ್ನೂ ಹೇಳಿರಲಿಲ್ಲ. ಸಂಶಯಪಟ್ಟು ಬೆನ್ನು ಹತ್ತಿದವರು ಅವನ ಮನೆಯವರು. 2025ರ ಜನವರಿಯಲ್ಲಿ ನೆಯ್ಯಾಟ್ಟಿಂಕರದ ನ್ಯಾಯಾಲಯ ಆಕೆಗೆ ಮರಣದಂಡನೆ ವಿಧಿಸಿತು. ಸತ್ತ ಮಗನೇ ಹೇಳದೆ ಹೋದದ್ದನ್ನು ಆ ತಂದೆ ತಾಯಿ ಸಾಬೀತಿಗೆ ಒಪ್ಪಿಸಬೇಕಾಯಿತು.

ಇನ್ನು ಒಳಾಂಗಗಳ ವರದಿ. ಜಠರ, ಕರುಳು, ಯಕೃತ್ತು, ಮೂತ್ರಪಿಂಡದ ತುಂಡುಗಳನ್ನು ಗಾಜಿನ ಬಾಟಲಿಗಳಲ್ಲಿ ಉಪ್ಪಿನ ದ್ರಾವಣದಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವರದಿ ಬರಲು ತಿಂಗಳುಗಳು ಹಿಡಿಯುತ್ತವೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ, ಒಳ್ಳೆಯದೇ. ಆದರೆ ಮನೆಯವರ ಮಟ್ಟಿಗೆ ಕಾಯುವುದೆಂದರೆ ಬೇರೆಯೇ. ಅತ್ತ ದಿವಸ ಮುಗಿದಿರುತ್ತದೆ, ತಿಂಗಳ ಎಡೆ ಮುಗಿದಿರುತ್ತದೆ, ಇತ್ತ ಸಾವಿಗೆ ಇನ್ನೂ ಹೆಸರು ಸಿಕ್ಕಿರುವುದಿಲ್ಲ. ಕೊಂದವನು ಮನೆಯೊಳಗಿನವನೇ ಆಗಿದ್ದರೆ ಅವನೂ ಅದೇ ಪಂಕ್ತಿಯಲ್ಲಿ ಕೂತು ಉಂಡಿರುತ್ತಾನೆ.

ಅಡುಗೆಮನೆಯ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ವಿಷ ಯಾವಾಗಲೂ ಅನ್ನದ ಜತೆಯೋ ಚಹಾದ ಜತೆಯೋ ಬರುತ್ತದೆ, ನಂಬಿದ ಕೈಯಿಂದ ಬರುತ್ತದೆ. ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ 2018ರ ಡಿಸೆಂಬರ್ 14ರಂದು 17 ಜನರ ಜೀವ ತೆಗೆದ ವಿಷ ದೇವಸ್ಥಾನದ ಪ್ರಸಾದದಲ್ಲಿತ್ತು. ಗುಡಿಯಲ್ಲಿ ಕೈಯೊಡ್ಡಿದವರ ಮನೆಯಲ್ಲಿ ಮತ್ತೆ ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುವುದು ಹೇಗೆ? ನಮ್ಮ ಕಡೆಯ ಒಂದು ಪ್ರಕರಣದಲ್ಲಿ ಶಾವಿಗೆ ಪಾಯಸ. ಸತ್ತ ಹುಡುಗನ ಅಜ್ಜಿ ನನಗೆ ಹೊರಗೆ ಬೆಂಚಿನ ಮೇಲೆ ಹೇಳಿದ್ದು: ಅವನಿಗೆ ಅತಿ ಇಷ್ಟದ್ದು ಅದೇ, ಎಡೆಗೆ ಅದನ್ನೇ ಇಡಬೇಕು, ಆದರೆ ಆ ಮನೆಯಲ್ಲಿ ಶಾವಿಗೆ ಎಂಬ ಮಾತನ್ನು ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಸಂತಾಪಕ್ಕೆ ಬಂದ ಬೀಗರು ಚಹಾ ತಂದಿಟ್ಟರೆ ‘ಈಗ ಕುಡದ ಬಂದೇವ್ರಿ’ ಎಂದು ಲೋಟವನ್ನು ಹಾಗೇ ಸರಿಸುತ್ತಿದ್ದರಂತೆ. ಕಳೆದುಕೊಂಡವರ ಒಲೆಯೇ ಊರಿಗೆ ಸಂಶಯದ ಒಲೆಯಾಯಿತು. ಇದು ಯಾವ ಕಲಮಿನ ಅಡಿಯಲ್ಲೂ ಅಪರಾಧವಲ್ಲ, ಆದ್ದರಿಂದ ಯಾವ ಸಾಕ್ಷ್ಯದಲ್ಲೂ ಬರಲಿಲ್ಲ.

ಸಾಕ್ಷ್ಯದಲ್ಲಿ ಬರಬೇಕಾದದ್ದು ಬೇರೆ. ವಿಷದ ಕೊಲೆಯಲ್ಲಿ ನಾಲ್ಕು ಸಂಗತಿ ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಶರದ್ ಬಿರ್ಧಿಚಂದ್ ಸಾರಡಾ ಪ್ರಕರಣದಲ್ಲಿ ಹೇಳಿತು: ಕೊಲ್ಲಲು ಸ್ಪಷ್ಟ ಕಾರಣವಿತ್ತು, ಸತ್ತದ್ದು ವಿಷದಿಂದಲೇ, ಆ ವಿಷ ಆರೋಪಿಯ ಕೈಯಲ್ಲಿತ್ತು, ಅದನ್ನು ಕೊಡುವ ಸಂದರ್ಭ ಅವನಿಗಿತ್ತು. ವಿಷ ಆರೋಪಿಯ ಬಳಿ ಇತ್ತೆಂಬುದನ್ನು ಪ್ರತಿಯೊಂದು ಪ್ರಕರಣದಲ್ಲೂ ತೋರಿಸಲೇಬೇಕೆಂದಿಲ್ಲ ಎಂದು 1988ರಲ್ಲಿ ಅದೇ ನ್ಯಾಯಾಲಯ ಮಾತನ್ನು ತುಸು ಸಡಿಲಿಸಿತು. ಅಲ್ಲದೆ ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಹಳ್ಳಿಗಳಲ್ಲಿ ಎಣ್ಣಿಯ ಡಬ್ಬಿ ಇಲ್ಲದ ಮನೆ ಯಾವುದು? ಸತ್ತದ್ದು ವಿಷದಿಂದ ಎಂಬುದನ್ನು ವೈದ್ಯರು, ಪ್ರಯೋಗಾಲಯದವರು ಹೇಳುತ್ತಾರೆ. ಉಳಿದ ಕಾರಣ ಮತ್ತು ಸಂದರ್ಭ ಎರಡರ ಭಾರವೂ ಮನೆಯವರ ನಾಲಿಗೆಯ ಮೇಲೆ ಬೀಳುತ್ತದೆ. ಹಾಗಾಗಿ ತಾಯಿಯನ್ನು ಕೇಳುವುದು ಮಗಳು ಎಂಥವಳಾಗಿದ್ದಳು ಎಂದಲ್ಲ. ಚಹಾ ಕೊಟ್ಟದ್ದು ಎಷ್ಟು ಗಂಟೆಗೆ, ಲೋಟ ಯಾವುದು, ವಾಸನೆ ಬಂತೇ, ಆಗ ಒಳಗೆ ಯಾರಿದ್ದರು, ನೀವು ನಿಂತ ಜಾಗದಿಂದ ಒಲೆ ಕಾಣುತ್ತದೆಯೇ.

ನವಲಗುಂದ ಕಡೆಯ ಒಬ್ಬ ತಾಯಿಯ ಸಾಕ್ಷ್ಯವನ್ನು ನಾನೇ ಬರೆದುಕೊಂಡೆ. ಮಗಳ ಮದುವೆಯಲ್ಲಿ ಉಡುಗೊರೆ ಬಂದ ಸ್ಟೀಲ್ ಲೋಟವೊಂದು ಆ ಪ್ರಕರಣದಲ್ಲಿ ಮುದ್ದೆಮಾಲು, ಅಂದರೆ ಸಾಕ್ಷ್ಯವಾಗಿ ಹಾಜರುಪಡಿಸಿದ ವಸ್ತು, ಆಗಿತ್ತು. ಭಾಂಡೆ ಅಂಗಡಿಯವರು ಮಿಷನ್ನಿನಿಂದ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಮಗಳ ಹೆಸರು ಕಂಠದ ಕೆಳಗೆ ಇತ್ತು. ಖಾಕಿ ಲಕೋಟೆ ಹರಿದು, ಅರಗು ಉದುರಿಸಿ, ಪಟ್ಟೇವಾಲಾ ಅದನ್ನು ಆಕೆಯ ಕೈಗೆ ಕೊಟ್ಟು ‘ಇದೇನಾ ನೋಡಿರಿ’ ಎಂದ. ಆಕೆ ಉತ್ತರ ಕೊಡುವ ಮೊದಲು ಸೆರಗಿನ ತುದಿಯಿಂದ ಲೋಟದ ಒಳಗನ್ನು ಒರೆಸಲು ಶುರು ಮಾಡಿದರು, ಚಹಾ ಕೊಡುವ ಮೊದಲು ನಾವೆಲ್ಲ ಮಾಡುವ ಹಾಗೆ. ಸಾಕ್ಷ್ಯದ ವಸ್ತು ಕೆಡುತ್ತದೆ ಎಂದು ವಕೀಲರು ಎದ್ದು ನಿಂತರು, ಪಟ್ಟೇವಾಲಾ ಲೋಟವನ್ನು ಕಸಿದುಕೊಂಡ, ನ್ಯಾಯಾಧೀಶರು ಒಂದು ಕ್ಷಣ ಸುಮ್ಮನಿದ್ದು ನಂತರ ನನಗೆ ಹೇಳಿದರು. ನಾನು ಬರೆದೆ: ‘ಮು.ಮಾ. 4ನ್ನು ಸಾಕ್ಷಿ ಗುರುತಿಸುತ್ತಾರೆ.’

ಆಮೇಲೆ ಪಾಟೀಸವಾಲು. ವಿಷದ ಪ್ರಕರಣದಲ್ಲಿ ಪ್ರತಿವಾದ ಬಹುಪಾಲು ಒಂದೇ, ಸತ್ತವರು ತಾವೇ ಕುಡಿದರು ಎಂಬುದು. ಆದ್ದರಿಂದ ಸತ್ತವರ ಮೇಲೆ ಎರಡನೆಯ ವಿಚಾರಣೆಯೊಂದು ನಡೆಯುತ್ತದೆ. ಮಗಳು ಸಿಡುಕಿನವಳಾಗಿದ್ದಳು, ಗಂಡನ ಮನೆಗೆ ಹೋಗಲು ಇಷ್ಟವಿರಲಿಲ್ಲ, ಬೇರೆ ಯಾರ ಜತೆಯೋ ಮಾತಿತ್ತು, ‘ಹೊಟ್ಟೆನೋವು ತಾಳಲಾರದೆ’ ತಾನಾಗಿ ವಿಷ ಸೇವಿಸಿದಳು ಎಂದರೆ ಸರಿಯೇ? ನಮ್ಮ ಪೊಲೀಸ್ ಠಾಣೆಗಳ ಕಾಗದಗಳಲ್ಲಿ ಎಷ್ಟು ಹೆಂಗಸರಿಗೆ ಆ ಹೊಟ್ಟೆನೋವು ಬಂದುಹೋಗಿದೆಯೋ ಲೆಕ್ಕವಿಟ್ಟವರಿಲ್ಲ. ತಾಯಿ ಕೂಗುತ್ತಾಳೆ, ಮಣ್ಣು ತೂರುವವಳಂತೆ ಕೈ ಎತ್ತುತ್ತಾಳೆ, ‘ನಿನ್ನ ಮನ್ಯಾಗೂ ಹೆಣ್ಣಮಕ್ಕಳ ಅದಾರಿಲ್ಲೊ’ ಎನ್ನುತ್ತಾಳೆ. ಕಾಗದದ ಮೇಲೆ ಬೀಳುವುದು ಎರಡು ಪದ: ‘ಎಂದರೆ ಸರಿಯಲ್ಲ.’

ಎಲ್ಲರೂ ಕೂಗುವುದಿಲ್ಲ. ಕೆಲವರು ಕಟಕಟೆಯಲ್ಲಿ ನಿಂತು ‘ನನಗೇನೂ ಗೊತ್ತಿಲ್ಲ’ ಎಂದುಬಿಡುತ್ತಾರೆ, ಪ್ರತಿಕೂಲ ಸಾಕ್ಷಿಗಳೆಂದು ನಾವು ಬರೆದುಕೊಳ್ಳುತ್ತೇವೆ, ಹೊರಗಿನವರು ಹಣ ತಿಂದಿದ್ದಾರೆ ಎನ್ನುತ್ತಾರೆ. ಹಣವೂ ಇರಬಹುದು. ಆದರೆ ಸತ್ತವಳು ಮಗಳು, ಜೈಲಿನಲ್ಲಿರುವವನು ಅಳಿಯ, ಅಳಿಯನ ತಮ್ಮನಿಗೆ ಕೊಟ್ಟಿರುವುದು ತನ್ನ ಇನ್ನೊಬ್ಬ ಮಗಳನ್ನು, ಮೊಮ್ಮಕ್ಕಳು ಇರುವುದು ಆ ಮನೆಯಲ್ಲಿ ಎಂದಾದಾಗ ಒಬ್ಬ ತಂದೆ ಏನು ಮಾಡಬೇಕು? ‘ಹೋದಾಕಿ ಹೋದ್ಲು, ಇದ್ದಾಕೀನ ಉಳಿಸ್ಕೋಬೇಕಲ್ರಿ’ ಎಂದು ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದ ಒಬ್ಬರ ಮುಖ ನನ್ನ ಕಣ್ಣಿಗೆ ಕಟ್ಟಿದೆ. ಅವರನ್ನು ಸುಳ್ಳುಗಾರರೆಂದು ಕರೆಯಲು ನನ್ನ ಬಾಯಿ ಏಳುವುದಿಲ್ಲ.

ಇದನ್ನೆಲ್ಲ ಓದಿ, ನ್ಯಾಯಾಲಯ ಕಲ್ಲುಮನಸ್ಸಿನದು ಎಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಅಪರಾಧ ಸಾಬೀತಾಗುವ ತನಕ ದುಃಖವನ್ನು ಹೊರಗಿಡುವುದೇ ಸರಿ. ಮೇಲೆ ಹೇಳಿದ ಸಾರಡಾ ಪ್ರಕರಣವನ್ನೇ ನೋಡಿರಿ. 1982ರ ಜೂನ್ ತಿಂಗಳ ಒಂದು ರಾತ್ರಿ ಪುಣೆಯಲ್ಲಿ ಹೊಸ ಮದುವಣಗಿತ್ತಿಯೊಬ್ಬಳು ಪೊಟ್ಯಾಸಿಯಂ ಸೈನೈಡಿನಿಂದ ಸತ್ತಳು. ಆಕೆ ಸಹೋದರಿಗೆ, ಗೆಳತಿಗೆ ಬರೆದ ಪತ್ರಗಳಿದ್ದವು, ತವರಿನವರ ಸಾಕ್ಷ್ಯವಿತ್ತು. ಕೆಳಗಿನ ಎರಡೂ ನ್ಯಾಯಾಲಯಗಳು ಗಂಡನಿಗೆ ಮರಣದಂಡನೆ ಎಂದವು. ಆತ್ಮಹತ್ಯೆಯ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಇಂಥ ಸಾವಿನಲ್ಲಿ ಹತ್ತಿರದವರು ಮಮತೆಯಿಂದಲೇ ಇದ್ದದ್ದನ್ನು ಹೆಚ್ಚಿಸಿ ಹೇಳುವ, ಕೇಳದ್ದನ್ನೂ ಸೇರಿಸುವ ಸಾಧ್ಯತೆ ಇರುವುದರಿಂದ ಅವರ ಮಾತನ್ನು ಬಹಳ ಎಚ್ಚರಿಕೆಯಿಂದ ತೂಗಬೇಕು ಎಂದು ಆ ತೀರ್ಪಿನಲ್ಲಿದೆ. ನನಗೆ ಅದು ಕಟುವಾಗಿ ಕಂಡರೂ ತಪ್ಪಾಗಿ ಕಾಣುವುದಿಲ್ಲ. ಕಣ್ಣೀರಿನ ತೂಕಕ್ಕೆ ಒಬ್ಬನನ್ನು ನೇಣಿಗೇರಿಸುವುದು ಯಾರಿಗೂ ಬೇಡ. ನನ್ನ ತಕರಾರು ಇರುವುದು ಆಮೇಲಿನ ಹೊತ್ತಿನ ಬಗ್ಗೆ. ಸಾಕ್ಷ್ಯ ಹೇಳುವಾಗ ಅಳಬಾರದು ಎಂದಮೇಲೆ, ಅಳುವುದಕ್ಕೆ ಅಲ್ಲೇ ಇನ್ನೊಂದು ಹೊತ್ತು ಇರಬೇಕು.

ಅಂಥ ಹೊತ್ತು ಇದೆ, ಬಳಸುವವರಿಲ್ಲ. ಆರೋಪಿ ಅಪರಾಧಿಯೆಂದು ತೀರ್ಮಾನವಾದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ವಾದ ಕೇಳಲೇಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 235ನೆಯ ಕಲಮಿನಲ್ಲಿದ್ದ ಈ ಏರ್ಪಾಡು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 258ನೆಯ ಕಲಮಾಗಿದೆ. ನಾನು ಕಂಡ ಹಾಗೆ ಆ ದಿನ ಅಪರಾಧಿಯನ್ನು ಮುಂದೆ ಕರೆದು ಕೇಳುತ್ತಾರೆ, ತನಗೆ ವಯಸ್ಸಾದ ತಾಯಿ ಇದ್ದಾಳೆ, ಸಕ್ಕರೆ ಕಾಯಿಲೆ ಇದೆ, ಚಿಕ್ಕ ಮಕ್ಕಳಿದ್ದಾರೆ ಎಂದು ಅವನು ಹೇಳುತ್ತಾನೆ. ಅದನ್ನು ಬರೆದುಕೊಳ್ಳುತ್ತೇವೆ, ಬರೆದುಕೊಳ್ಳಲೇಬೇಕು. ಸರ್ಕಾರಿ ಅಭಿಯೋಜಕರು ಗರಿಷ್ಠ ಶಿಕ್ಷೆ ಕೊಡಬೇಕೆಂದು ಎರಡು ವಾಕ್ಯ ಹೇಳುತ್ತಾರೆ. ಹಿಂದಿನ ಬೆಂಚಿನಲ್ಲಿ ಸತ್ತವಳ ತಂದೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾನೆ. ಅವನಿಗೂ ವಯಸ್ಸಾದ ತಾಯಿ ಇರುತ್ತಾಳೆ. ಅವನನ್ನು ಯಾರೂ ಕೇಳುವುದಿಲ್ಲ. ನನ್ನ ಅಷ್ಟು ವರ್ಷದ ನೌಕರಿಯಲ್ಲಿ ಆ ಹೊತ್ತಿಗೆ ಹಿಂದಿನ ಬೆಂಚಿನವರನ್ನು ಮುಂದಕ್ಕೆ ಕರೆದದ್ದನ್ನು ನಾನು ಒಮ್ಮೆಯೂ ಬರೆದುಕೊಂಡಿಲ್ಲ.

ಬೇರೆ ಕಡೆ ಕರೆಯುತ್ತಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಲಿಯೊಂಗಾಥಾ ಎಂಬ ಊರಿನಲ್ಲಿ ಎರಿನ್ ಪ್ಯಾಟರ್ಸನ್ ಎಂಬಾಕೆ 2023ರ ಜುಲೈ 29ರಂದು ಗಂಡನ ಕಡೆಯವರನ್ನು ಊಟಕ್ಕೆ ಕರೆದು, ವಿಷದ ಅಣಬೆ ಬೆರೆಸಿದ ಮಾಂಸದ ಖಾದ್ಯ ಬಡಿಸಿದಳು. ಅತ್ತೆ, ಮಾವ ಮತ್ತು ಅತ್ತೆಯ ತಂಗಿ ಸತ್ತರು. ಆ ತಂಗಿಯ ಗಂಡ, ಚರ್ಚಿನ ಪಾದ್ರಿ, ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ಬದುಕಿದರು. 2025ರ ಜುಲೈ 7ರಂದು ಜ್ಯೂರಿ ಆಕೆಯನ್ನು ಅಪರಾಧಿ ಎಂದಿತು. ಆಗಸ್ಟ್ 25ರ ಸೋಮವಾರ, ಶಿಕ್ಷೆ ಹೇಳುವ ಮೊದಲಿನ ಕಲಾಪದಲ್ಲಿ, ನ್ಯಾಯಾಲಯ ಕುಟುಂಬದವರ ಮಾತನ್ನು ಕೇಳಿತು. ಅಲ್ಲಿನ 1991ರ ಶಿಕ್ಷಾ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಹೆಂಡತಿ ಇಲ್ಲದೆ ತಾನು ಅರ್ಧ ಮಾತ್ರ ಬದುಕಿದ್ದೇನೆ ಎಂದು ಪಾದ್ರಿ ಹೇಳಿದರು. ತನಗೆ ಮಾಡಿದ್ದನ್ನು ಕ್ಷಮಿಸಿದ್ದೇನೆ, ಸತ್ತ ಮೂವರ ವಿಷಯದಲ್ಲಿ ಕ್ಷಮಿಸುವ ಹಕ್ಕು ತನಗಿಲ್ಲ ಎಂಬ ಗೆರೆಯನ್ನೂ ಎಳೆದರು. ಕೆಟ್ಟದ್ದು ಮಾಡಿದವರ ಮೇಲೆಯೇ ಎಲ್ಲರ ಗಮನ, ಒಳ್ಳೆಯವರ ಮೇಲೆ ಇಲ್ಲ ಎಂದು ನೊಂದುಕೊಂಡರು. ಸೆಪ್ಟೆಂಬರ್ 8ರಂದು ಆಕೆಗೆ ಜೀವಾವಧಿ ಶಿಕ್ಷೆಯಾಯಿತು, 33 ವರ್ಷ ಪೆರೋಲಿನ ಮಾತೇ ಇಲ್ಲ.

ಅದು ಅವರ ದೇಶದ ರೀತಿ, ಅವರ ಧರ್ಮದ ಮಾತು. ನಮ್ಮವರು ಕ್ಷಮಿಸುತ್ತಾರೋ, ಶಪಿಸುತ್ತಾರೋ, ಬರೀ ಮಗಳ ಹೆಸರು ಹೇಳಿ ಕೂರುತ್ತಾರೋ, ಅದು ಅವರಿಗೆ ಬಿಟ್ಟದ್ದು. ನಾನು ಕೇಳುತ್ತಿರುವುದು ಆ ಸೋಮವಾರದಂಥ ಒಂದು ಬೆಳಿಗ್ಗೆಯನ್ನು.

ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಕರ್ನಾಟಕದಿಂದಲೇ ಹೋದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 12ರಂದು, ಸಂತ್ರಸ್ತರ ಮೇಲೆ ಅಪರಾಧ ಬೀರಿದ ಪರಿಣಾಮದ ಹೇಳಿಕೆಗೆ ಶಿಕ್ಷೆಯ ಹಂತದಲ್ಲಿ ಮನ್ನಣೆ ಕೊಡಬೇಕು ಎಂಬ ಅಭಿಪ್ರಾಯ ದಾಖಲಿಸಿದೆ. ಆ ತೀರ್ಪಿನ ಶೀರ್ಷಿಕೆಯಲ್ಲಿ ದೂರುದಾರರ ಹೆಸರಿನ ಪಕ್ಕದಲ್ಲಿ ‘ಮೃತ, ವಾರಸುದಾರರ ಮೂಲಕ’ ಎಂದಿದೆ. ತೀರ್ಪು ಬರುವ ಹೊತ್ತಿಗೆ ಅವರೇ ಇರಲಿಲ್ಲ. ಲಖೀಂಪುರ ಖೇರಿ ಪ್ರಕರಣದಲ್ಲಿ, 2022ರಲ್ಲಿ, ತನಿಖೆಯಿಂದ ಮೇಲ್ಮನವಿಯ ತನಕ ಪ್ರತಿ ಹಂತದಲ್ಲೂ ಸಂತ್ರಸ್ತರ ಮಾತು ಕೇಳಬೇಕು ಎಂದು ಅದೇ ನ್ಯಾಯಾಲಯ ಹೇಳಿದೆ. ಹೊಸ ಸಂಹಿತೆಯಲ್ಲಿ ಸಂತ್ರಸ್ತ ಎಂಬ ಪದಕ್ಕೆ ವಾರಸುದಾರರೂ ಸೇರುತ್ತಾರೆ. ಅವರು ತಮ್ಮ ವಕೀಲರನ್ನು ಸರ್ಕಾರಿ ಅಭಿಯೋಜಕರಿಗೆ ನೆರವಾಗಿ ಇಟ್ಟುಕೊಳ್ಳಬಹುದು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಅವರಿಗೆ ತಿಳಿಸಬೇಕು. ಆರೋಪಿ ಬಿಡುಗಡೆಯಾದರೆ ಮೇಲ್ಮನವಿ ಹಾಕಬಹುದು. ಉಚ್ಚ ನ್ಯಾಯಾಲಯದ ಪೀಠ 2008ರಿಂದ ಧಾರವಾಡದಲ್ಲೇ ಇದೆ, 2013ರಲ್ಲಿ ಕಾಯಂ ಆಯಿತು, ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವ ಪ್ರಮೇಯವಿಲ್ಲ. ಪರಿಹಾರಕ್ಕೆ ನ್ಯಾಯಾಲಯ ಶಿಫಾರಸು ಮಾಡಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು. ಇಷ್ಟನ್ನೂ ಅವರಿಗೆ ಹೇಳುವವರು ಯಾರು ಎಂಬುದೇ ಪ್ರಶ್ನೆ.

ಕೊಲೆಗೆ ಕನಿಷ್ಠ ಶಿಕ್ಷೆಯೇ ಜೀವಾವಧಿ ಆಗಿರುವಾಗ ಮನೆಯವರ ಹೇಳಿಕೆಯಿಂದ ಬದಲಾಗುವುದೇನು ಎಂದು ಒಬ್ಬ ಹಿರಿಯ ವಕೀಲರು ನನ್ನನ್ನು ಕೇಳಿದರು. ಶಿಕ್ಷೆ ಬದಲಾಗಲಿ ಎಂದು ನಾನು ಕೇಳುತ್ತಲೇ ಇಲ್ಲ. ಅದರಿಂದ ಮರಣದಂಡನೆಗಳು ಹೆಚ್ಚುವುದಾದರೆ ನನಗೆ ಅದು ಬೇಡವೇ ಬೇಡ. ಬದಲಾಗಬೇಕಾದದ್ದು ಕಡತ. ಮೊಕದ್ದಮೆಯ ಹೆಸರೇ ‘ರಾಜ್ಯ ವಿರುದ್ಧ ಆರೋಪಿ’ ಎಂದು. ಅದರಲ್ಲಿ ಸತ್ತವರ ಹೆಸರಿಗೆ ಜಾಗವಿಲ್ಲ, ಒಳಗಿನ ನೂರಾರು ಪುಟಗಳಲ್ಲೂ ಅವರು ‘ಮೃತಳು’ ಮಾತ್ರ. ಪರಿಹಾರದ ಮೊತ್ತ ನಿರ್ಧರಿಸುವವರಿಗೂ ಮನೆಯ ಸ್ಥಿತಿ ತಿಳಿಯಲು ಒಂದು ಹಾಳೆ ಬೇಕು. ಅಪರಾಧಿಯ ಸಕ್ಕರೆ ಕಾಯಿಲೆಗೆ ಕಡತದಲ್ಲಿ ಇರುವ ಜಾಗ, ಅವನು ಅನಾಥ ಮಾಡಿದ ಮಕ್ಕಳ ನಿದ್ದೆಗೂ ಇರಬೇಡವೇ?

ಆದುದರಿಂದ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಕಾನೂನು ಸೇವಾ ಪ್ರಾಧಿಕಾರಗಳಲ್ಲಿ ನನ್ನ ವಿನಂತಿ ಇಷ್ಟೇ. ಅಪರಾಧ ಸಾಬೀತಾದ ದಿನವೇ ಅರೆ ಕಾನೂನು ಸ್ವಯಂಸೇವಕರೊಬ್ಬರು ಹಿಂದಿನ ಬೆಂಚಿನವರ ಹತ್ತಿರ ಹೋಗಲಿ, ಹೇಳಬೇಕೆಂದಿದ್ದರೆ ಹೇಳಬಹುದು ಎಂದು ತಿಳಿಸಲಿ, ಬೇಡವೆಂದರೆ ಅಲ್ಲಿಗೆ ಬಿಡಲಿ. ಅವರು ಆಡಿದ ಕನ್ನಡದಲ್ಲೇ ಬರೆದುಕೊಳ್ಳಲಿ. ‘ಎಣ್ಣಿ’ ಎಂದರೆ ‘ಎಣ್ಣಿ’ ಎಂದೇ ಇರಲಿ, ವಿಷಕಾರಿ ಕ್ರಿಮಿನಾಶಕ ದ್ರಾವಣ ಎಂದು ತಿದ್ದುವುದು ಬೇಡ. ಅದನ್ನು ಅವರೇ ಓದಲಿ ಅಥವಾ ಬೇರೆಯವರು ಓದಲಿ, ಆ ಮಾತಿನ ಮೇಲೆ ಸುಳ್ಳು-ನಿಜದ ಜಗ್ಗಾಟ ನಡೆಯದಿರಲಿ. ಆ ಹೊತ್ತಿಗೆ ಸಾಬೀತು ಮಾಡಬೇಕಾದದ್ದೆಲ್ಲ ಮುಗಿದಿರುತ್ತದೆ. ನಮ್ಮ ವಕೀಲರ ಸಂಘಗಳೂ ಮನಸ್ಸು ಮಾಡಿದರೆ ನಾಳೆಯೇ ಒಂದು ಅರ್ಜಿ ಹಾಕಿ ಕೇಳಬಹುದಾದದ್ದು ಇದು.

ಪತ್ರಿಕೆಗಳಿಗೂ ಒಂದು ಮಾತು ಇದೆ. 20 ಯುವತಿಯರ ಕೊಲೆಯ ಆರೋಪ ಹೊತ್ತು 2009ರಲ್ಲಿ ಸಿಕ್ಕಿಬಿದ್ದ ದಕ್ಷಿಣ ಕನ್ನಡದ ಶಿಕ್ಷಕನಿಗೆ ನೀವೆಲ್ಲ ಸೇರಿ ‘ಸೈನೈಡ್ ಮೋಹನ’ ಎಂದು ಬಿರುದು ಕೊಟ್ಟಿರಿ. ಆ ಹೆಸರು ಇವತ್ತಿಗೂ ಮಕ್ಕಳ ಬಾಯಲ್ಲಿದೆ. ಮಗಳು ಯಾರದೋ ಜತೆ ಹೋಗಿ ಎಲ್ಲೋ ಸಂಸಾರ ಮಾಡಿಕೊಂಡಿದ್ದಾಳೆ ಎಂದು ನಂಬಿ, ನಾಚಿಕೆಯಿಂದ ದೂರೂ ಕೊಡದೆ ವರ್ಷಗಟ್ಟಲೆ ಕಾದ ಮನೆಗಳವು. ಅವಳ ಶವ ಇನ್ನೊಂದು ಊರಿನ ಬಸ್ ನಿಲ್ದಾಣದ ಶೌಚಾಲಯದಲ್ಲಿ ಗುರುತಿಲ್ಲದೆ ಸಿಕ್ಕಿ ಮಣ್ಣಾಗಿತ್ತು ಎಂದು ಅವರಿಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಸಿಟ್ಟು ಮಾಡಿಕೊಂಡ ಮಗಳ ಮೇಲೆ ಅಷ್ಟು ವರ್ಷ ತಾವೂ ಸಿಟ್ಟು ಮಾಡಿಕೊಂಡಿದ್ದೆವಲ್ಲ ಎಂಬುದನ್ನು ಆ ತಂದೆ ತಾಯಿ ಯಾರ ಮುಂದೆ ಹೇಳಿಕೊಂಡರು ಎಂದು ಒಬ್ಬ ವರದಿಗಾರರಾದರೂ ಹೋಗಿ ಕೇಳಬಹುದಿತ್ತು.

ನವಲಗುಂದ ಕಡೆಯ ಆ ತಾಯಿಯ ವಿಷಯ ಪೂರ್ತಿ ಮಾಡುತ್ತೇನೆ. ಶಿಕ್ಷೆ ಹೇಳಿದ ಸಂಜೆ ಆಕೆ ವರಾಂಡದಲ್ಲಿ ನನ್ನನ್ನು ನಿಲ್ಲಿಸಿ ಲೋಟ ಯಾವಾಗ ಕೊಡುತ್ತಾರೆ ಎಂದು ಕೇಳಿದರು. ಬೆಲೆಯಿಲ್ಲದ ಮುದ್ದೆಮಾಲುಗಳನ್ನು ಅಪೀಲಿನ ಅವಧಿ ಮುಗಿದ ಮೇಲೆ ನಾಶಪಡಿಸತಕ್ಕದ್ದು ಎಂಬ ಸಾಲನ್ನು ಅದೇ ಮಧ್ಯಾಹ್ನ ನಾನು ಬೆರಳಚ್ಚು ಮಾಡಿದ್ದೆ. ಹಾಗೆಂದು ಹೇಳಲು ಬಾಯಿ ಬರದೆ, ಕೂತುಕೊಳ್ಳಿ ಎಂದೆ. ಆಕೆ ಕೂತರು, ಮಗಳ ಬಗ್ಗೆ ಹೇಳತೊಡಗಿದರು. ನೀರು ತರಲು ಹೋದರೆ ತುಂಬಿದ ಕೊಡವನ್ನು ಎಡಗಂಕುಳಲ್ಲೇ ಹಿಡಿಯುತ್ತಿದ್ದಳಂತೆ, ಏಳನೆಯ ಇಯತ್ತೆಯಲ್ಲಿ ಗಣಿತಕ್ಕೆ ತೊಂಬತ್ತಾರು ಬಂದಿತ್ತಂತೆ, ಗುಡುಗಿಗೆ ಅಂಜುತ್ತಿದ್ದಳಂತೆ. ಕೈಯಲ್ಲಿ ನೋಟ್‌ಬುಕ್ಕು ಇದ್ದದ್ದರಿಂದ, ಯಾರಾದರೂ ಮಾತಾಡಿದರೆ ಬರೆದುಕೊಳ್ಳುವ ರೂಢಿಯಿಂದ, ನಾನು ಬರೆದುಕೊಳ್ಳುತ್ತಾ ಹೋದೆ. ಎರಡು ಪುಟ ಆಯಿತು. ಆ ಪುಟಗಳು ಇನ್ನೂ ನನ್ನ ಹತ್ತಿರ ಇವೆ; ಶೀಘ್ರಲಿಪಿಯಲ್ಲಿ ಇರುವುದರಿಂದ ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟು ಬೇರೆ ಯಾರಿಗೂ ಅವನ್ನು ಓದಲು ಬರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನ್ಯಾಯಾಲಯ ಶೀಘ್ರಲಿಪಿಗಾರ್ತಿ,
ಸಾಧನಕೇರಿ, ಧಾರವಾಡ